ದೋಷ ಕಂಡವನು ಬಾಯಿ ಬಿಡಬಹುದೇ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಕಂಪನಿಯ ಒಂದು ಕಾರು ಕಾರ್ಖಾನೆ ಇತ್ತು. ಹೆಸರು ಕೆಡಿಸಿಕೊಂಡ ಕಾರ್ಖಾನೆ. ಯಾವ ದಿನ ಎಣಿಸಿದರೂ ಐವರಲ್ಲಿ ಒಬ್ಬ ಗೈರುಹಾಜರಿ. ಕೆಲಸದ ಹೊತ್ತಿನಲ್ಲೇ ಕುಡಿತ, ಕಾರ್ಮಿಕ ಸಂಘಕ್ಕೂ ಆಡಳಿತಕ್ಕೂ ದಿನವೂ ಜಟಾಪಟಿ, ಇತ್ಯರ್ಥವಾಗದೆ ರಾಶಿ ಬಿದ್ದ ಸಾವಿರಾರು ದೂರುಗಳು. ಬಾಗಿಲು ಸರಿಯಾಗಿ ಕೂರದಿದ್ದರೂ ಕಾರು ಮುಂದಕ್ಕೆ ಹೋಗಬೇಕು, ಲೈನ್ ಮಾತ್ರ ನಿಲ್ಲಬಾರದು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದೇ ಕಾನೂನು. 1982ರಲ್ಲಿ ಕಂಪನಿ ಅದಕ್ಕೆ ಬೀಗ ಜಡಿಯಿತು.

ಎರಡು ವರ್ಷಗಳ ನಂತರ ಅದೇ ಕಾರ್ಖಾನೆಯ ಬಾಗಿಲು ಮತ್ತೆ ತೆರೆಯಿತು. ಈ ಸಲ ಜನರಲ್ ಮೋಟರ್ಸ್ ಜೊತೆ ಜಪಾನಿನ ಟೊಯೋಟಾ ಕೈಜೋಡಿಸಿತ್ತು. ಹೊಸ ಕಂಪನಿಗೆ ‘ನೂಮಿ’ ಎಂದು ಹೆಸರು. ಆಡಳಿತದ ಹೊಣೆ ಟೊಯೋಟಾದ್ದು. ಕೆಲಸಕ್ಕೆ ತೆಗೆದುಕೊಂಡ ಕಾರ್ಮಿಕರಲ್ಲಿ ಬಹುಪಾಲು ಮಂದಿ ಹಳಬರೇ. ಕಾರ್ಮಿಕ ಸಂಘವೂ ಹಳೆಯದೇ. ಕಟ್ಟಡವೂ ಅದೇ. 1984ರ ಡಿಸೆಂಬರ್‌ನಲ್ಲಿ ಮೊದಲ ಕಾರು ಹೊರಬಂತು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನಲ್ಲೇ ಇರುವ ಟೊಯೋಟಾ ಕಾರ್ಖಾನೆಯ ಹತ್ತಿರಕ್ಕೆ ಬಂದಿತ್ತು. ಗೈರುಹಾಜರಿ ಶೇ 20ರಿಂದ ಶೇ 3-4ಕ್ಕೆ ಇಳಿದಿತ್ತು.

ಗುಣಮಟ್ಟದ ವಿಷಯ ಬಂದಾಗಲೆಲ್ಲ ‘ಜಪಾನೀಯರ ಶಿಸ್ತೇ ಬೇರೆ ಬಿಡ್ರೀ, ನಮ್ಮವರ ಕೈಲಿ ಆಗೋದಲ್ಲ’ ಎಂಬ ಮಾತು ಕೇಳುತ್ತೇವೆ. ಫ್ರೀಮಾಂಟ್‌ನ ಕಥೆ ಆ ಮಾತಿನ ಬುಡವನ್ನೇ ಅಲ್ಲಾಡಿಸುತ್ತದೆ. ಅಲ್ಲಿದ್ದವರು ಜಪಾನೀಯರಲ್ಲ. ಅಮೆರಿಕದ ಅತ್ಯಂತ ಕೆಟ್ಟ ಕಾರ್ಮಿಕರು ಎಂದು ಹಣೆಪಟ್ಟಿ ಹಚ್ಚಿಸಿಕೊಂಡು ಮನೆಗೆ ಹೋಗಿದ್ದ ಜನ. ಹಾಗಿದ್ದ ಮೇಲೆ ಬದಲಾದದ್ದು ಏನು?

ಬದಲಾದದ್ದರಲ್ಲಿ ಕಣ್ಣಿಗೆ ಕಾಣುವಂಥದ್ದು ಒಂದು ಹಗ್ಗ. ಲೈನ್‌ನ ಉದ್ದಕ್ಕೂ, ಕೆಲಸಗಾರನ ತಲೆಯ ಮೇಲೆ ಕೈಗೆಟುಕುವಂತೆ ಅದು ಹಾದುಹೋಗುತ್ತದೆ. ಪ್ರತಿಯೊಬ್ಬನ ಪಾಲಿನ ಕೆಲಸಕ್ಕೆ ಸುಮಾರು ಒಂದು ನಿಮಿಷ. ಅಷ್ಟರೊಳಗೆ ಬೋಲ್ಟ್ ಕೂರಲಿಲ್ಲ, ಬಿಡಿಭಾಗದಲ್ಲಿ ಗೀರು ಕಂಡಿತು, ಇಲ್ಲವೇ ಏನೋ ಸರಿಯಿಲ್ಲ ಎಂದು ಅನ್ನಿಸಿತು ಎಂದರೆ ಅವನು ಹಗ್ಗ ಎಳೆಯಬೇಕು. ತಕ್ಷಣ ಸಂಗೀತದ ಸಣ್ಣ ತುಣುಕೊಂದು ಕೇಳಿಸುತ್ತದೆ, ಮೇಲಿನ ಫಲಕದಲ್ಲಿ ಆ ಜಾಗದ ದೀಪ ಹೊತ್ತಿಕೊಳ್ಳುತ್ತದೆ. ತಂಡದ ಮುಂದಾಳು ಓಡಿ ಬರುತ್ತಾನೆ. ಲೈನ್ ಆಗಿಂದಾಗ ನಿಲ್ಲುವುದಿಲ್ಲ. ನೆಲದ ಮೇಲೆ ಗುರುತು ಮಾಡಿದ ಗೆರೆಯವರೆಗೆ ಕಾರು ಸಾಗುತ್ತದೆ. ಅಷ್ಟರಲ್ಲಿ ಇಬ್ಬರೂ ಸೇರಿ ಸರಿಮಾಡಿದರೆ ಮತ್ತೊಮ್ಮೆ ಹಗ್ಗ ಎಳೆದು ದೀಪ ಆರಿಸುತ್ತಾರೆ, ಕೆಲಸ ಮುಂದುವರಿಯುತ್ತದೆ. ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ನೂರಾರು ಜನರ ಕೆಲಸ, ಲಕ್ಷಾಂತರ ಡಾಲರ್‌ನ ಯಂತ್ರಗಳು ಒಬ್ಬ ಸಾಮಾನ್ಯ ಕಾರ್ಮಿಕನ ಕೈಸನ್ನೆಗೆ ನಿಲ್ಲುತ್ತವೆ.

ಹಗ್ಗ ಕಟ್ಟುವುದು ಕಷ್ಟವಲ್ಲ. ಎಳೆದವನಿಗೆ ಏನು ಸಿಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಓಡಿ ಬಂದವನು ‘ಏನು ತೊಂದರೆ, ನಾನೇನು ಮಾಡಲಿ’ ಎಂದು ಕೇಳುತ್ತಾನೋ, ‘ನಿನ್ನದೇನಯ್ಯಾ ಗೋಳು’ ಎಂದು ಗದರುತ್ತಾನೋ? ಗದರಿದರೆ ಮರುದಿನದಿಂದ ಆ ಹಗ್ಗವನ್ನು ಯಾರೂ ಮುಟ್ಟುವುದಿಲ್ಲ. ಇದನ್ನು ಮಾತಿನಲ್ಲಿ ಹೇಳಿದರೆ ನಂಬಿಕೆ ಹುಟ್ಟದು ಎಂದು ಟೊಯೋಟಾಕ್ಕೆ ಗೊತ್ತಿತ್ತು. ಹಾಗಾಗಿ ಕಾರ್ಖಾನೆ ತೆರೆಯುವ ಮೊದಲೇ ಫ್ರೀಮಾಂಟ್‌ನ ನೂರಾರು ಮಂದಿಯನ್ನು ಜಪಾನಿನ ತಕಾವೊಕಾ ಕಾರ್ಖಾನೆಗೆ ಕಳಿಸಿ, ಅಲ್ಲಿನವರ ಪಕ್ಕದಲ್ಲೇ ನಿಲ್ಲಿಸಿ ಕೆಲವು ವಾರ ಕೆಲಸ ಮಾಡಿಸಿತು. ಹಗ್ಗ ಎಳೆದಾಗ ನೆರವಿಗೆ ಜನ ಬರುವುದನ್ನು ಅವರು ಕಣ್ಣಾರೆ ಕಂಡರು.

ಇಷ್ಟೇ ಆಗಿದ್ದರೂ ಸಾಲುತ್ತಿರಲಿಲ್ಲ. ಕೆಲಸ ಸುಧಾರಿಸಲು ಸಲಹೆ ಕೊಟ್ಟರೆ ಕಡಿಮೆ ಜನರಲ್ಲಿ ಕೆಲಸ ಮುಗಿಯುತ್ತದೆ. ಆಗ ಮನೆಗೆ ಹೋಗುವವನು ನಾನೇ ಅಲ್ಲವೇ ಎಂಬ ಅಂಜಿಕೆ ಯಾವ ಕಾರ್ಮಿಕನಿಗೂ ಸಹಜ. ಅದಕ್ಕೆ ಉತ್ತರ 1985ರ ಒಪ್ಪಂದದಲ್ಲೇ ಇತ್ತು. ಕಂಪನಿಯ ಅಸ್ತಿತ್ವಕ್ಕೇ ಕುತ್ತು ಬಂದ ಹೊರತು ಯಾರನ್ನೂ ತೆಗೆಯುವುದಿಲ್ಲ. ಅಂಥ ಸ್ಥಿತಿ ಬಂದರೂ ಮೊದಲು ಅಧಿಕಾರಿಗಳ ಸಂಬಳ ಕಡಿತವಾಗಬೇಕು, ಹೊರಗುತ್ತಿಗೆಗೆ ಕೊಟ್ಟ ಕೆಲಸ ಒಳಗೆ ಬರಬೇಕು ಎಂದು ಅದು ಹೇಳಿತು. 1988ರ ಸುಮಾರಿಗೆ ಕಾರುಗಳ ಮಾರಾಟ ಕುಸಿದು ಕೆಲಸ ಬಹಳಷ್ಟು ಕಡಿಮೆಯಾದಾಗ ಆ ಮಾತು ಒರೆಗಲ್ಲಿಗೆ ಬಂತು. ಕಂಪನಿ ಒಬ್ಬರನ್ನೂ ತೆಗೆಯಲಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ತರಬೇತಿ ಕೊಟ್ಟಿತು, ಕಾರ್ಖಾನೆಯ ದುರಸ್ತಿ ಮಾಡಿಸಿತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಈ ಕೆಲವು ತಿಂಗಳುಗಳಲ್ಲಿದೆ. ಹಗ್ಗದ ಬಗ್ಗೆ ಪುಸ್ತಕಗಳು ರಾಶಿ ರಾಶಿ ಬಂದಿವೆ, ಈ ಒಪ್ಪಂದದ ಬಗ್ಗೆ ಬರೆದವರು ಕಡಿಮೆ.

ದೋಷಕ್ಕೆ ಕೆಲಸಗಾರನನ್ನು ಬೈಯದೆ ಕಾರಣ ಹುಡುಕುವ ಈ ಆಲೋಚನೆಯ ಮೂಲಕ್ಕೆ ಹೋದರೆ ನಾವು ಮತ್ತೆ ಅಮೆರಿಕಕ್ಕೇ ಬರುತ್ತೇವೆ. 1924ರ ಮೇ ತಿಂಗಳಲ್ಲಿ ವಾಲ್ಟರ್ ಶೂಹಾರ್ಟ್ ಎಂಬ ಭೌತವಿಜ್ಞಾನಿ ತಮ್ಮ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಕಳಿಸಿದರು. ದೂರವಾಣಿ ಉಪಕರಣ ತಯಾರಿಸುವ ಕಂಪನಿಯಲ್ಲಿ ಅವರಿಗೆ ಕೆಲಸ. ಟಿಪ್ಪಣಿಯಲ್ಲಿದ್ದದ್ದು ಒಂದು ನಕ್ಷೆ: ನಡುವೆ ಒಂದು ಗೆರೆ, ಮೇಲೊಂದು ಮಿತಿ, ಕೆಳಗೊಂದು ಮಿತಿ. ಯಾವ ಯಂತ್ರವೂ ಎರಡು ವಸ್ತುಗಳನ್ನು ತದ್ರೂಪವಾಗಿ ಮಾಡದು, ಅಳತೆಯಲ್ಲಿ ಸಣ್ಣಪುಟ್ಟ ಏರುಪೇರು ಇದ್ದೇ ಇರುತ್ತದೆ. ಆ ಏರುಪೇರು ಎರಡು ಗೆರೆಗಳ ಒಳಗಿದ್ದರೆ ಅದು ವ್ಯವಸ್ಥೆಯ ಸಹಜ ಗುಣ, ಕೆಲಸಗಾರನನ್ನು ಬೈದು ಪ್ರಯೋಜನವಿಲ್ಲ. ಗೆರೆ ದಾಟಿದರೆ ಏನೋ ವಿಶೇಷ ಕಾರಣವಿದೆ, ಹುಡುಕಿ ತೆಗೆಯಬೇಕು. ನೂರು ವರ್ಷಗಳ ನಂತರವೂ ಕಾರ್ಖಾನೆಗಳ ಗೋಡೆಗಳ ಮೇಲೆ ಕಾಣುವ ಕಂಟ್ರೋಲ್ ಚಾರ್ಟ್ ಅದೇ.

ಶೂಹಾರ್ಟ್ ಅವರ ಶಿಷ್ಯರಂತಿದ್ದ ಎಡ್ವರ್ಡ್ಸ್ ಡೆಮಿಂಗ್ ಇದನ್ನು ಜನರಿಗೆ ಮನದಟ್ಟು ಮಾಡಿಸಲು ಒಂದು ಆಟ ಆಡಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಸಾವಿರಾರು ಮಣಿಗಳು, ಐದರಲ್ಲೊಂದು ಪಾಲು ಕೆಂಪು, ಉಳಿದದ್ದು ಬಿಳಿ. ಸಭಿಕರಲ್ಲಿ ಕೆಲವರನ್ನು ಕರೆದು ‘ಕಾರ್ಮಿಕರು’ ಮಾಡುತ್ತಿದ್ದರು. 50 ಕುಳಿಗಳಿರುವ ಹಲಗೆಯನ್ನು ಪೆಟ್ಟಿಗೆಯಲ್ಲಿ ಅದ್ದಿ ಮಣಿ ಎತ್ತಬೇಕು. ಗಿರಾಕಿಗೆ ಬೇಕಾದದ್ದು ಬಿಳಿ ಮಣಿ ಮಾತ್ರ, ಕೆಂಪು ಬಂದರೆ ದೋಷ. ಒಬ್ಬನಿಗೆ ಏಳು ಕೆಂಪು ಬರುತ್ತದೆ, ಇನ್ನೊಬ್ಬನಿಗೆ ಹದಿಮೂರು. ಡೆಮಿಂಗ್ ಮೇಸ್ತ್ರಿಯ ವೇಷದಲ್ಲಿ ಏಳರವನನ್ನು ಹೊಗಳಿ, ಹದಿಮೂರರವನನ್ನು ಎಲ್ಲರ ಮುಂದೆ ತರಾಟೆಗೆ ತೆಗೆದುಕೊಳ್ಳುವರು. ಮರುಸುತ್ತಿನಲ್ಲಿ ಅಂಕಿಗಳು ಅದಲುಬದಲು. ಸಭೆ ನಗುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಪೆಟ್ಟಿಗೆಗೆ ಕೆಂಪು ಮಣಿ ಹಾಕಿದವನು ಕಾರ್ಮಿಕನಲ್ಲ. ಅವನೆಷ್ಟೇ ಬೆವರು ಸುರಿಸಿದರೂ ಅದು ಕಡಿಮೆಯಾಗದು. ಕಡಿಮೆ ಮಾಡುವ ಅಧಿಕಾರ ಇರುವುದು ಪೆಟ್ಟಿಗೆ ತುಂಬಿಸಿದವನಿಗೆ. ಡೆಮಿಂಗ್ ಮುಂದೆ ರೂಪಿಸಿದ 14 ಸೂತ್ರಗಳಲ್ಲಿ ಎಂಟನೆಯದು, ಕೆಲಸದ ಜಾಗದಿಂದ ಭಯವನ್ನು ಓಡಿಸಿ ಎಂಬುದು. ಗೋಡೆಯ ಮೇಲಿನ ಘೋಷಣೆಗಳನ್ನು ಕಿತ್ತುಹಾಕಿ ಎಂಬುದೂ ಆ ಪಟ್ಟಿಯಲ್ಲೇ ಇದೆ.

ಈಗ ನಮಗೆ ಹತ್ತಿರವಾದ ಸಂಗತಿಗೆ ಬರೋಣ. ಶೂಹಾರ್ಟ್ ಭಾರತಕ್ಕೆ ಬಂದಿದ್ದರು. ಪ್ರಶಾಂತಚಂದ್ರ ಮಹಾಲನೋಬಿಸ್ 1931ರಲ್ಲಿ ಕೋಲ್ಕತ್ತದಲ್ಲಿ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಹ್ವಾನದ ಮೇರೆಗೆ 1947ರ ಕೊನೆ ಮತ್ತು 1948ರ ಆರಂಭದಲ್ಲಿ ಇಲ್ಲಿ ಕೆಲವು ತಿಂಗಳಿದ್ದು ಕಾರ್ಖಾನೆಗಳನ್ನು ಸುತ್ತಿದರು, ಉಪನ್ಯಾಸ ಕೊಟ್ಟರು. ಜಪಾನಿನಲ್ಲಿ ಡೆಮಿಂಗ್ ಕೊಟ್ಟ ಪ್ರಸಿದ್ಧ ಉಪನ್ಯಾಸಗಳು 1950ರವು. ಎಂದರೆ ಆ ಉಪನ್ಯಾಸಗಳಿಗೂ ಮೊದಲೇ ವಿದ್ಯೆ ನಮ್ಮ ಮನೆ ಬಾಗಿಲಿಗೆ ಬಂದಿತ್ತು, ಅದೂ ಗುರುವಿನ ಬಾಯಿಂದಲೇ. 1950ರ ದಶಕದಲ್ಲಿ ಸಂಸ್ಥೆ ಹಲವು ನಗರಗಳಲ್ಲಿ ಗುಣಮಟ್ಟ ನಿಯಂತ್ರಣದ ಘಟಕಗಳನ್ನು ತೆರೆಯಿತು, ಬೆಂಗಳೂರಿನಲ್ಲೂ ಒಂದು. ಜಪಾನಿನ ಗೆನಿಚಿ ತಾಗುಚಿ, ಮುಂದೆ ಲೋಕವಿಖ್ಯಾತರಾದ ಗುಣಮಟ್ಟ ತಜ್ಞ, 1954-55ರಲ್ಲಿ ಇದೇ ಸಾಂಖ್ಯಿಕ ಸಂಸ್ಥೆಯಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ಅವರು ಶೂಹಾರ್ಟ್‌ರನ್ನು ಕಂಡದ್ದೂ ಆ ದಿನಗಳಲ್ಲೇ. ಪ್ರತಿಭೆಗಾಗಲಿ ಜ್ಞಾನಕ್ಕಾಗಲಿ ನಮ್ಮಲ್ಲಿ ಬರವಿರಲಿಲ್ಲ. ಆದರೂ 1980ರ ಹೊತ್ತಿಗೆ ಜಪಾನಿನ ಕಾರು, ಕ್ಯಾಮೆರಾ, ಟಿವಿಗಳು ಜಗತ್ತನ್ನು ಆಳುತ್ತಿದ್ದವು. ನಾವು ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದೆವು.

ಹೆಪ್ಪು ಒಂದೇ, ಹಾಲಿನ ಹದ ಬೇರೆ ಎನ್ನಬೇಕು. ಜಪಾನಿನಲ್ಲಿ ಆಗ ಏನಾಗಿತ್ತು ನೋಡಿ. ಯುದ್ಧದಲ್ಲಿ ಸೋತು ಸುಟ್ಟುಹೋದ ದೇಶ. ಹೊಟ್ಟೆಗೆ ಬೇಕಾದ ಧಾನ್ಯವನ್ನೂ ಕಾರ್ಖಾನೆಗೆ ಬೇಕಾದ ಅದಿರನ್ನೂ ಹೊರಗಿನಿಂದ ತರಬೇಕು, ಅದಕ್ಕೆ ಹಣ ಬೇಕೆಂದರೆ ಏನನ್ನಾದರೂ ಹೊರಗೆ ಮಾರಬೇಕು. ಜಪಾನಿ ಮಾಲು ಎಂದರೆ ಆಗ ಕಳಪೆ ಎಂದೇ ಅರ್ಥ. ಗುಣಮಟ್ಟ ಅವರಿಗೆ ಬದುಕಿನ ಪ್ರಶ್ನೆಯಾಗಿತ್ತು. ನಮ್ಮಲ್ಲಿ ಲೈಸೆನ್ಸ್ ಪಡೆದವನಿಗೆ ಪ್ರತಿಸ್ಪರ್ಧಿಯೇ ಇರಲಿಲ್ಲ. ಮಾಡಿದ್ದೆಲ್ಲ ಮಾರಾಟವಾಗುತ್ತಿತ್ತು. ಗಿರಾಕಿ ವರ್ಷಗಟ್ಟಲೆ ಸರದಿಯಲ್ಲಿ ನಿಂತಿರುವಾಗ ಬಾಗಿಲು ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ಮಾಲೀಕ ಯಾಕೆ ನಿದ್ದೆಗೆಡುತ್ತಾನೆ? ಒಳ್ಳೆಯ ಕೆಲಸ ನಡೆಯಲೇ ಇಲ್ಲ ಎಂದಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನ ಎಚ್‌ಎಂಟಿಯಲ್ಲಿ ಶುರುವಾದ ಕೈಗಡಿಯಾರಗಳನ್ನು ಈಗಲೂ ಕಟ್ಟಿಕೊಂಡು ಓಡಾಡುವವರಿದ್ದಾರೆ. ನಮ್ಮ ಕೈಗಳಿಗೆ ಕಸುಬು ಬರುತ್ತಿತ್ತು. ಆ ಕಸುಬನ್ನು ದೇಶದ ತುಂಬ ಹಬ್ಬಿಸುವ ಒತ್ತಡ ಮಾರುಕಟ್ಟೆಯಲ್ಲಿ ಇರಲಿಲ್ಲ.

ಎರಡನೆಯ ವ್ಯತ್ಯಾಸ ಇನ್ನೂ ಮುಖ್ಯವಾದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸಾವಿರಾರು ಎಂಜಿನಿಯರುಗಳಿಗೆ ಈ ವಿದ್ಯೆ ಕಲಿಸಲಾಗಿತ್ತು. ಯುದ್ಧ ಮುಗಿದ ಮೇಲೆ ಎಲ್ಲ ಮರೆತುಹೋಯಿತು. ಎಂಜಿನಿಯರುಗಳಿಗೆ ಕಲಿಸಿದೆವು, ಅವರ ಮೇಲಿನವರಿಗೆ ಕಲಿಸಲಿಲ್ಲ, ಅದಕ್ಕೇ ಹೀಗಾಯಿತು ಎಂದು ಡೆಮಿಂಗ್ ಕಂಡುಕೊಂಡಿದ್ದರು. ಜಪಾನ್ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟ ಅವರನ್ನು ಕರೆಸಿಕೊಂಡಾಗ, ಕಂಪನಿಗಳ ಮುಖ್ಯಸ್ಥರೊಂದಿಗೆ ನೇರವಾಗಿ ಮಾತಾಡಲೇಬೇಕು ಎಂದರು. ಒಕ್ಕೂಟದ ಅಧ್ಯಕ್ಷ ಇಚಿರೊ ಇಶಿಕಾವಾ ಅವರೇ ಉದ್ಯಮಿಗಳ ಅತಿ ದೊಡ್ಡ ಸಂಘವಾದ ಕೈದಾನ್‌ರೆನ್‌ಗೂ ಅಧ್ಯಕ್ಷರು. ಅವರು ಕರೆದರೆ ಬರುವುದಿಲ್ಲ ಎನ್ನುವ ಉದ್ಯಮಿ ಇರಲಿಲ್ಲ. 1950ರ ಜುಲೈನಲ್ಲಿ ಟೋಕಿಯೊದಲ್ಲಿ ಡೆಮಿಂಗ್ ಮುಂದೆ ಬಂದು ಕುಳಿತವರು ದೇಶದ ದೊಡ್ಡ ಕಂಪನಿಗಳ ಯಜಮಾನರು. ಉಪನ್ಯಾಸಗಳ ಪುಸ್ತಕದಿಂದ ಬಂದ ಗೌರವಧನವನ್ನು ಡೆಮಿಂಗ್ ಒಕ್ಕೂಟಕ್ಕೇ ಬಿಟ್ಟುಕೊಟ್ಟರು. ಅದರಿಂದಲೇ 1951ರಲ್ಲಿ ಡೆಮಿಂಗ್ ಪ್ರಶಸ್ತಿ ಹುಟ್ಟಿತು.

ಮೇಲಿನವರು ಕಲಿತರೆ ಸಾಕೇ? ಇಚಿರೊ ಅವರ ಮಗ, ಪ್ರಾಧ್ಯಾಪಕ ಕೌರು ಇಶಿಕಾವಾ, ಸಾಲದು ಎಂದರು. ಕಾರ್ಖಾನೆಯ ನೆಲದಲ್ಲಿ ನಿಂತ ಫೋರ್‌ಮನ್‌ಗಳಿಗಾಗಿಯೇ 1962ರಲ್ಲಿ ಒಂದು ಪತ್ರಿಕೆ ಹೊರಟಿತು. ಫೋರ್‌ಮನ್ ಕಂಪನಿಯ ಮುಂದೆ ಕೈಚಾಚದೆ ಸ್ವಂತ ಜೇಬಿನಿಂದ ಕೊಳ್ಳುವಷ್ಟು ಅಗ್ಗವಾಗಿರಬೇಕು ಎಂಬುದು ಇಶಿಕಾವಾ ಹಟ. ಅದನ್ನು ಗುಂಪಾಗಿ ಕುಳಿತು ಓದಿ, ತಮ್ಮ ತಮ್ಮ ಕೆಲಸಕ್ಕೆ ಹಚ್ಚಿ ನೋಡಿ ಎಂದು ಪತ್ರಿಕೆ ಹೇಳಿತು. ಆ ಗುಂಪುಗಳೇ ಕ್ವಾಲಿಟಿ ಸರ್ಕಲ್‌ಗಳು. ಇದಕ್ಕೂ ಮೊದಲು, 1956ರಲ್ಲೇ, ರೇಡಿಯೊದಲ್ಲಿ ಗುಣಮಟ್ಟ ನಿಯಂತ್ರಣದ ಪಾಠಗಳು ಬಿತ್ತರವಾಗತೊಡಗಿದ್ದವು. ಸಾಮಾನ್ಯ ಕಾರ್ಮಿಕನಿಗೂ ಅವನದೇ ಭಾಷೆಯಲ್ಲಿ, ಅವನ ಮನೆಗೇ, ಸಂಖ್ಯಾಶಾಸ್ತ್ರ ಬಂತು. ನಮ್ಮಲ್ಲಿ ಅದೇ ವಿದ್ಯೆ ಇಂಗ್ಲಿಷ್ ಪುಸ್ತಕಗಳಲ್ಲಿ, ಪದವೀಧರರ ನಡುವೆ ಉಳಿದುಕೊಂಡಿತು. ಬೆಂಗಳೂರಿನ ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಲೇತ್ ಮುಂದೆ ನಿಂತ ಹುಡುಗನಿಗೆ ಕಂಟ್ರೋಲ್ ಚಾರ್ಟ್ ಏನು ಹೇಳುತ್ತದೆ ಎಂದು ಕನ್ನಡದಲ್ಲಿ ವಿವರಿಸುವ ಅಗ್ಗದ ಪತ್ರಿಕೆಯೊಂದು 1960ರಲ್ಲೇ ಹುಟ್ಟಿದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಈಗಲೂ ಆ ಜಾಗ ಖಾಲಿಯೇ ಇದೆ.

ಒಂದು ದೇಶದೊಳಗೇ, ಒಂದೇ ಕಂಪನಿಯೊಳಗೇ ಈ ವಿದ್ಯೆ ದಾಟಲಾರದೆ ಹೋದದ್ದೂ ಉಂಟು. ಫ್ರೀಮಾಂಟ್ ಗೆದ್ದಿತಲ್ಲ, ಅದನ್ನು ಕಂಡ ಜನರಲ್ ಮೋಟರ್ಸ್ ಅದೇ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿದ್ದ ತನ್ನ ಕಾರ್ಖಾನೆಯಲ್ಲಿ ಅದೇ ಪದ್ಧತಿ ತರಲು ಹೊರಟಿತು. ತಂಡಗಳಾದವು, ಹಗ್ಗ ಬಂತು. ಆದರೆ ಅಧಿಕಾರಿಗಳ ಲೆಕ್ಕ ಹಳೆಯದೇ, ದಿನಕ್ಕೆ ಎಷ್ಟು ಕಾರು ಹೊರಬಿದ್ದವು ಎಂಬುದು. ಲೈನ್ ನಿಂತರೆ ಅವರ ತಲೆದಂಡ. ಹೀಗಿರುವಾಗ ಹಗ್ಗ ಎಳೆಯುವ ಧೈರ್ಯ ಯಾರಿಗೆ? ಕಾರ್ಮಿಕ ಸಂಘದ ಒಂದು ಬಣಕ್ಕೆ ಇದೆಲ್ಲ ಕೆಲಸ ಕಸಿಯುವ ಹುನ್ನಾರವಾಗಿ ಕಂಡಿತು. ಕೆಲಸದ ಭದ್ರತೆಯ ಬರವಣಿಗೆ ಅವರ ಕೈಯಲ್ಲಿ ಇರಲಿಲ್ಲವಾದ್ದರಿಂದ ಆ ಸಂಶಯವನ್ನು ತಪ್ಪೆನ್ನಲಾಗದು. 1992ರಲ್ಲಿ ಕಾರ್ಖಾನೆ ಮುಚ್ಚಿತು. ಫ್ರೀಮಾಂಟ್ ಮಾತ್ರ 2010ರವರೆಗೆ ನಡೆಯಿತು. ಜನರಲ್ ಮೋಟರ್ಸ್ ದಿವಾಳಿಯಾಗಿ ಹೊರನಡೆದ ಮೇಲೆ ಟೊಯೋಟಾ ಕೂಡ ಕೈಬಿಟ್ಟಿತು. ಈಗ ಅಲ್ಲಿ ಟೆಸ್ಲಾ ಕಾರುಗಳು ತಯಾರಾಗುತ್ತವೆ.

ಅಮೆರಿಕದ ಇನ್ನೊಂದು ಉದಾಹರಣೆ ಬೇರೆ ರೀತಿಯದು. ಫ್ಲೋರಿಡಾ ಪವರ್ ಆ್ಯಂಡ್ ಲೈಟ್ ಎಂಬ ವಿದ್ಯುತ್ ಕಂಪನಿ 1989ರಲ್ಲಿ ಡೆಮಿಂಗ್ ಪ್ರಶಸ್ತಿ ಗೆದ್ದಿತು. ಜಪಾನಿನ ಹೊರಗೆ ಆ ಪ್ರಶಸ್ತಿ ಹೋದದ್ದು ಅದೇ ಮೊದಲು. ಬೆನ್ನಲ್ಲೇ ಬಂದ ಹೊಸ ಮುಖ್ಯಸ್ಥರು ನೌಕರರನ್ನು ಮಾತಾಡಿಸಿದಾಗ ಕೇಳಿಬಂದದ್ದು ದೂರು. ತೀರ್ಪುಗಾರರ ಮುಂದೆ ಇಡುವ ಕಾಗದಪತ್ರ ಸಿದ್ಧಪಡಿಸುವುದರಲ್ಲೇ ದಿನ ಕಳೆಯುತ್ತದೆ, ಗ್ರಾಹಕನ ಕೆಲಸಕ್ಕೆ ಹೊತ್ತಿಲ್ಲ ಎಂದರು. ಗುಣಮಟ್ಟ ವಿಭಾಗವನ್ನು ಹೊಸ ಮುಖ್ಯಸ್ಥರು ಬಹುತೇಕ ಕಳಚಿಹಾಕಿದರು. ಕಂಪನಿ ಸೋತಿತು ಎಂದು ನಾನು ಹೇಳಲಾರೆ. ಪ್ರಶಸ್ತಿಗಾಗಿ ಓಡುವಾಗ ಗುರಿ ಯಾವಾಗ ಬದಲಾಯಿತು ಎಂಬುದು ಒಳಗಿದ್ದವರಿಗೇ ಗೊತ್ತಾಗುವುದಿಲ್ಲ.

ಈ ಕಾಯಿಲೆ ನಮಗೆ ಚೆನ್ನಾಗಿ ಪರಿಚಿತ. 1987ರಲ್ಲಿ ಐಎಸ್‌ಒ 9000 ಮಾನದಂಡ ಬಂದ ಮೇಲೆ ಜಗತ್ತಿನಾದ್ಯಂತ ಪ್ರಮಾಣಪತ್ರಗಳ ಮಹಾಪೂರವೇ ಹರಿಯಿತು. ಮಾನದಂಡದಲ್ಲಿ ತಪ್ಪಿಲ್ಲ. ಮಾಡುವುದನ್ನು ಬರೆದಿಡು, ಬರೆದದ್ದನ್ನು ಮಾಡು, ತಪ್ಪಾದರೆ ಕಾರಣ ಹುಡುಕು ಎಂದು ಅದು ಹೇಳುತ್ತದೆ. ಆದರೆ ಗಿರಾಕಿ ಕಂಪನಿ ಕೇಳಿತು ಎಂಬ ಒಂದೇ ಕಾರಣಕ್ಕೆ ಪಡೆದ ಪ್ರಮಾಣಪತ್ರ ಗೋಡೆಯಿಂದ ಕೆಳಗಿಳಿಯುವುದಿಲ್ಲ. ಆಡಿಟ್ ಹತ್ತಿರ ಬಂತೆಂದರೆ ನೆಲಕ್ಕೆ ಹಳದಿ ಬಣ್ಣ, ರಿಜಿಸ್ಟರ್‌ಗಳಲ್ಲಿ ಮೂರು ತಿಂಗಳ ಬರವಣಿಗೆ ಒಂದೇ ಪೆನ್ನಿನಲ್ಲಿ. ಸಣ್ಣ ಕಾರ್ಖಾನೆಗಳಲ್ಲಿ ದುಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಪೀಣ್ಯದ ಯಾವುದೇ ಮಷಿನ್ ಶಾಪ್‌ಗೆ ಹೋಗಿ ನಿಂತರೂ ಒಂದು ಕೆಂಪು ಡಬ್ಬಿ ಕಾಣುತ್ತದೆ. ರಿಜೆಕ್ಷನ್ ಪೀಸ್‌ಗಳನ್ನು ಹಾಕುವ ಡಬ್ಬಿ. ಆ ಅಂಗಡಿಯ ಗುಣಮಟ್ಟವನ್ನು ನಾನು ಅಳೆಯುವುದು ಆ ಡಬ್ಬಿಯಿಂದ. ಒಂದು ಕಡೆ ಶಿಫ್ಟ್ ಮುಗಿಯುವ ಹೊತ್ತಾದರೂ ಡಬ್ಬಿ ಖಾಲಿ. ಮಾಲೀಕರಿಗೆ ಹೆಮ್ಮೆ. ಹಿತ್ತಲಿನ ಸ್ಕ್ರ್ಯಾಪ್ ರಾಶಿಯಲ್ಲಿ ಮಾತ್ರ ಬೆಳಗಿನ ಪೀಸ್‌ಗಳು ಚೂರಿನಡಿ ಹೂತುಹೋಗಿದ್ದವು. ಪೀಸ್ ಕೆಟ್ಟರೆ ದಿನಗೂಲಿಯಲ್ಲಿ ಹಿಡಿಯುತ್ತಾರೆ ಎಂಬುದು ಹುಡುಗರಿಗೆ ಗೊತ್ತಿತ್ತು. ಅದೇ ಪೀಣ್ಯದ ಇನ್ನೊಂದು ಅಂಗಡಿಯಲ್ಲಿ ಡಬ್ಬಿಯಲ್ಲಿ ಎಂಟೋ ಹತ್ತೋ ಪೀಸ್ ಇದ್ದವು, ಪ್ರತಿಯೊಂದಕ್ಕೂ ಸೀಮೆಸುಣ್ಣದಲ್ಲಿ ಗಂಟೆಯ ಗುರುತು. ಮಾಲೀಕರು ಒಂದನ್ನು ಎತ್ತಿ ವರ್ನಿಯರ್‌ಗೆ ಕೊಟ್ಟು ‘ಹನ್ನೊಂದರ ಮೇಲೆ ಏನಾಯ್ತಪ್ಪ?’ ಎಂದು ಕೇಳಿದರು. ‘ಟೂಲ್ ಸವೆದಿತ್ತು ಸರ್, ಗೊತ್ತಾಗೋವಷ್ಟರಲ್ಲಿ ನಾಕು ಪೀಸ್ ಹೋಯ್ತು’ ಎಂದ ಹುಡುಗ, ತಲೆ ತಗ್ಗಿಸದೆ. ಟೂಲ್ ಎಷ್ಟು ಪೀಸ್‌ಗೊಮ್ಮೆ ಬದಲಿಸಬೇಕು ಎಂದು ಇಬ್ಬರೂ ಅಲ್ಲೇ ನಿಂತು ಲೆಕ್ಕ ಹಾಕಿದರು. ಎರಡೂ ಅಂಗಡಿಗಳ ಗೋಡೆಯ ಮೇಲೆ ಒಂದೇ ಪ್ರಮಾಣಪತ್ರ ತೂಗುತ್ತಿತ್ತು.

ಭಾರತದಲ್ಲಿ ಗಾಳಿ ಬದಲಾದದ್ದು 1980ರ ದಶಕದಲ್ಲಿ. 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಕಾರ್ಖಾನೆಯಲ್ಲಿ ದೇಶದ ಮೊದಲ ಕ್ವಾಲಿಟಿ ಸರ್ಕಲ್‌ಗಳು ಶುರುವಾದವು. 1983ರ ಡಿಸೆಂಬರ್‌ನಲ್ಲಿ ಗುರುಗ್ರಾಮದಿಂದ ಮೊದಲ ಮಾರುತಿ ಕಾರು ಹೊರಬಂತು. ಜಪಾನಿನ ಸುಜುಕಿ ಅಲ್ಲಿ ಹಾಕಿದ ಷರತ್ತುಗಳು ಆ ಕಾಲದ ನಮ್ಮವರಿಗೆ ವಿಚಿತ್ರವಾಗಿ ಕಂಡಿದ್ದವು: ಮುಖ್ಯಸ್ಥರಿಂದ ಹಿಡಿದು ಕಾರ್ಮಿಕರವರೆಗೆ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನಿನ ಊಟ, ಅಧಿಕಾರಿಗಳಿಗೆ ಪ್ರತ್ಯೇಕ ಕೋಣೆ ಇಲ್ಲ. ಜಾತಿಯ ಪಂಕ್ತಿಭೇದವನ್ನು ಸಾವಿರಾರು ವರ್ಷ ನೋಡಿದ ನಾಡಿನಲ್ಲಿ, ಸಾಹೇಬರ ಪಕ್ಕದಲ್ಲಿ ಕೂತು ಉಣ್ಣುವುದು ಸಣ್ಣ ಸಂಗತಿಯಲ್ಲ. ಪಕ್ಕದಲ್ಲಿ ಕೂತು ಉಂಡವನಿಗೆ ‘ಸರ್, ಅದು ತಪ್ಪಾಗ್ತಿದೆ’ ಎನ್ನುವುದು ಸ್ವಲ್ಪ ಸುಲಭ. ಮುಂದೆ ಅದೇ ಕಂಪನಿಯ ಮಾನೇಸರ್ ಕಾರ್ಖಾನೆಯಲ್ಲಿ 2012ರಲ್ಲಿ ಭುಗಿಲೆದ್ದ ಹಿಂಸೆಯಲ್ಲಿ ಒಬ್ಬ ಅಧಿಕಾರಿ ಪ್ರಾಣ ಕಳೆದುಕೊಂಡರು. ಅದಕ್ಕೂ ಮೊದಲು ನಡೆದ ಮುಷ್ಕರಗಳಲ್ಲಿ ಎದ್ದು ಕೇಳಿದ ಬೇಡಿಕೆಗಳಲ್ಲಿ ಒಂದು, ಕಾಯಂ ಕಾರ್ಮಿಕನಿಗೂ ಗುತ್ತಿಗೆ ಕಾರ್ಮಿಕನಿಗೂ ನಡುವಿನ ಕೂಲಿಯ ಅಂತರ ತಗ್ಗಬೇಕು ಎಂಬುದು. ಸಮವಸ್ತ್ರ ಒಂದಾದರೂ ಸಂಬಳದ ಚೀಟಿ ಒಂದಾಗಿರಲಿಲ್ಲ.

1991ರ ನಂತರ ಮಾರುಕಟ್ಟೆ ತೆರೆದುಕೊಂಡಾಗ ಒತ್ತಡ ಬಂದೇ ಬಂತು. ಚೆನ್ನೈನ ಸುಂದರಂ ಕ್ಲೇಟನ್ ಕಂಪನಿಯ ಬ್ರೇಕ್ ವಿಭಾಗ 1998ರಲ್ಲಿ ಡೆಮಿಂಗ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಸಂಸ್ಥೆಯಾಯಿತು. ಅದರ ಸೋದರ ಸಂಸ್ಥೆ ಟಿವಿಎಸ್ ಮೋಟರ್‌ಗೆ 2002ರಲ್ಲಿ ಬಂತು. ಹೊಸೂರಿನಲ್ಲೂ ಮೈಸೂರಿನ ಹತ್ತಿರದ ಕಡಕೊಳದಲ್ಲೂ ಅದರ ಕಾರ್ಖಾನೆಗಳಿವೆ. ಇವರ ದಾರಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಎರಡು ಸಂಗತಿ. ಜಪಾನಿನ ಪ್ರಾಧ್ಯಾಪಕ ಯೋಶಿಕಾಜು ತ್ಸುದಾ ವರ್ಷಗಟ್ಟಲೆ ಬಂದು ಹೋಗಿ, ಕಾರ್ಖಾನೆಯ ನೆಲದಲ್ಲಿ ನಿಂತು ಕಲಿಸಿದರು. ಮುಖ್ಯಸ್ಥ ವೇಣು ಶ್ರೀನಿವಾಸನ್ ಆ ಕೆಲಸವನ್ನು ಬೇರೆಯವರ ಹೆಗಲಿಗೆ ದಾಟಿಸಲಿಲ್ಲ. ಬಳಿಕ ಬಿಡಿಭಾಗ ಪೂರೈಸುವ ಸಣ್ಣ ಕಂಪನಿಗಳನ್ನು ಗುಂಪುಗೂಡಿಸಿ ಒಬ್ಬರ ಕಾರ್ಖಾನೆಗೆ ಇನ್ನೊಬ್ಬರು ಹೋಗಿ ನೋಡುವ ಪದ್ಧತಿ ದೇಶದ ವಾಹನ ಉದ್ಯಮದಲ್ಲಿ ಹಬ್ಬಿತು. ವಾಹನವೊಂದರ ಬಹುಪಾಲು ತಯಾರಾಗುವುದು ಹೊರಗಿನ ಸಣ್ಣ ಅಂಗಡಿಗಳಲ್ಲಿ. ಅವರನ್ನು ಬೆಲೆಗಾಗಿ ಹಿಂಡುತ್ತಾ ಗುಣಮಟ್ಟ ಕೇಳುವುದು ನಡೆಯದ ಮಾತು.

ಸರ್ಕಾರಗಳೇ ಮುಂದೆ ನಿಂತ ದೇಶಗಳೂ ಇವೆ. ಸಿಂಗಪುರದಲ್ಲಿ ಪ್ರಧಾನಿ ಲೀ ಕ್ವಾನ್ ಯೂ 1981ರಲ್ಲಿ ಉತ್ಪಾದಕತೆಯ ಆಂದೋಲನಕ್ಕೆ ಚಾಲನೆ ಕೊಟ್ಟರು, ಜೇನುಹುಳದ ಗೊಂಬೆಯೊಂದು ಅದರ ಲಾಂಛನವಾಯಿತು. 1983ರಿಂದ 1990ರವರೆಗೆ ಜಪಾನಿನ ತಜ್ಞರು ಅಲ್ಲಿನವರಿಗೆ ಕಲಿಸಿದರು. ಆಮೇಲೆ ಸಿಂಗಪುರದವರೇ ಬೇರೆ ದೇಶಗಳಿಗೆ ಕಲಿಸತೊಡಗಿದರು. ಇಥಿಯೋಪಿಯಾದ ಕಥೆ ನನಗೆ ಇನ್ನೂ ಇಷ್ಟ. ಟುನೀಶಿಯಾದ ಕಾರ್ಖಾನೆಗಳಲ್ಲಿ ಜಪಾನ್ ನಡೆಸಿದ ಪ್ರಯೋಗದ ಬಗ್ಗೆ ತಿಳಿದುಕೊಂಡ ಪ್ರಧಾನಿ ಮೆಲೆಸ್ ಜೆನಾವಿ 2008ರಲ್ಲಿ ಜಪಾನನ್ನು ತಾವಾಗಿಯೇ ಕೇಳಿದರು, ನಮಗೂ ಕೈಜೆನ್ ಕಲಿಸಿಕೊಡಿ ಎಂದು. ಕೈಜೆನ್ ಎಂದರೆ ದಿನವೂ ಸ್ವಲ್ಪ ಸ್ವಲ್ಪ ಸುಧಾರಿಸುತ್ತಾ ಹೋಗುವ ಪದ್ಧತಿ. 2009ರಲ್ಲಿ ಸುಮಾರು 30 ಕಾರ್ಖಾನೆಗಳಲ್ಲಿ ಪ್ರಯೋಗ ಶುರುವಾಯಿತು, 2011ರಲ್ಲಿ ದೇಶದ ಸ್ವಂತ ಕೈಜೆನ್ ಸಂಸ್ಥೆಯೇ ಹುಟ್ಟಿತು. ಹೊಸ ಯಂತ್ರ ಕೊಳ್ಳಲು ಹಣವಿಲ್ಲದ ಕಡೆ, ಇದ್ದದ್ದನ್ನು ಒಪ್ಪವಾಗಿಡುವುದರಿಂದ, ಸಾಮಾನು ಹುಡುಕುವ ಹೊತ್ತು ಉಳಿಸುವುದರಿಂದ ಅವರು ಆರಂಭಿಸಿದರು. ಯಾರೋ ಬಂದು ಹೇರಿದ್ದಲ್ಲ, ಬೇಕೆಂದು ಕೇಳಿ ಪಡೆದದ್ದು. ಅದು ದೊಡ್ಡ ವ್ಯತ್ಯಾಸ.

ದೇಶ ದೇಶಗಳ ಸ್ವಭಾವದ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನೆದರ್ಲೆಂಡ್ಸ್‌ನ ಹೀರ್ಟ್ ಹಾಫ್‌ಸ್ಟೆಡ್ ಐಬಿಎಂ ಕಂಪನಿಯ ಹಲವು ದೇಶಗಳ ನೌಕರರ ಸಮೀಕ್ಷೆಯ ಆಧಾರದಲ್ಲಿ 1980ರಲ್ಲಿ ಒಂದು ಅಳತೆಗೋಲು ಕೊಟ್ಟರು. ಮೇಲಿನವನಿಗೂ ಕೆಳಗಿನವನಿಗೂ ನಡುವಿನ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬ ಅಳತೆಯಲ್ಲಿ ಅಮೆರಿಕಕ್ಕೆ 40, ಜಪಾನಿಗೆ 54, ಭಾರತಕ್ಕೆ 77. ದೊಡ್ಡವರ ಎದುರು ಮಾತಾಡಬಾರದು ಎಂದು ಮನೆಯಲ್ಲೇ ಕಲಿತು ಬಂದವನು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ತಪ್ಪನ್ನು ಹೇಗೆ ಎತ್ತಿ ತೋರಿಸುತ್ತಾನೆ? ಕಷ್ಟವೇ. ಆದರೆ 40 ಅಂಕದ ಅಮೆರಿಕದಲ್ಲೇ ವ್ಯಾನ್ ನೈಸ್ ಸೋತಿತು, 77 ಅಂಕದ ಭಾರತದಲ್ಲೇ ಕಡಕೊಳದ ಕಾರ್ಮಿಕರು ಜಗತ್ತಿಗೆ ಸಾಟಿಯಾದ ಬೈಕ್ ಕಟ್ಟಿದರು. ಸ್ವಭಾವ ಎಂಬುದು ಕೆಲಸವನ್ನು ನಿಧಾನ ಮಾಡಬಹುದು, ತಡೆಯಲಾರದು. ತಡೆಯುವುದು ಸಂಬಳದ ಕಡಿತ, ಟಾರ್ಗೆಟ್‌ನ ಒತ್ತಡ, ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯ. ಇವೆಲ್ಲ ಮನುಷ್ಯರು ಕೂತು ಬರೆದ ನಿಯಮಗಳು.

ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿತು. ಹಳ್ಳಿಗಾಡಿನ ಎಸ್‌ಎಸ್‌ಎಲ್‌ಸಿ ಪಾಸಾದ ಮಕ್ಕಳನ್ನು ತೆಗೆದುಕೊಂಡು, ಊಟ ವಸತಿ ಕೊಟ್ಟು ಮೂರು ವರ್ಷ ಕಲಿಸುವ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಅಲ್ಲಿದೆ. ಅಲ್ಲಿ ಕಲಿತ ಮಕ್ಕಳು ಅಂತರರಾಷ್ಟ್ರೀಯ ಕೌಶಲ ಸ್ಪರ್ಧೆಗಳವರೆಗೆ ಹೋಗಿದ್ದಾರೆ. ಅದೇ ಕಾರ್ಖಾನೆ 2006, 2014, 2020ರಲ್ಲಿ ಮುಷ್ಕರ ಮತ್ತು ಲಾಕೌಟ್‌ಗಳನ್ನೂ ಕಂಡಿದೆ. ಕೆಲಸದ ಒತ್ತಡದ ಬಗ್ಗೆ ಕಾರ್ಮಿಕ ಸಂಘದ ದೂರು, ಶಿಸ್ತಿನ ಬಗ್ಗೆ ಆಡಳಿತದ ದೂರು. ಯಾರದು ಸರಿ ಎಂದು ಇಲ್ಲಿ ತೀರ್ಮಾನ ಕೊಡುವುದು ನನ್ನ ಕೆಲಸವಲ್ಲ. ಲೈನ್ ನಿಲ್ಲಿಸುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟು ಜಗತ್ತಿಗೆ ಮಾದರಿಯಾದ ಪದ್ಧತಿಯೂ ಹೊಸ ನೆಲದಲ್ಲಿ ಪ್ರತಿದಿನ ನಂಬಿಕೆಯನ್ನು ಹೊಸದಾಗಿ ಗಳಿಸಬೇಕಾಗುತ್ತದೆ, ಒಮ್ಮೆ ಗಳಿಸಿದ್ದು ಉಳಿದೇಬಿಡುತ್ತದೆ ಎಂಬ ಭರವಸೆ ಎಲ್ಲೂ ಇಲ್ಲ.

ನಮ್ಮ ಕಾರ್ಖಾನೆಗಳಲ್ಲಿ ಈಗ ಹೆಚ್ಚುತ್ತಿರುವುದು ಗುತ್ತಿಗೆ ಕಾರ್ಮಿಕರು, ಟ್ರೈನಿಗಳು. ಹನ್ನೊಂದು ತಿಂಗಳಿಗೆ ಕಳಿಸಿಬಿಡುವ ಹುಡುಗನ ಕೈಗೆ ಸಲಹಾ ಚೀಟಿ ಕೊಟ್ಟು, ಕೈಜೆನ್ ಬರೆದು ಹಾಕಪ್ಪ ಎನ್ನುತ್ತಾರೆ. ಅವನಿಗೆ ಯಂತ್ರದ ಸದ್ದು ಬದಲಾದದ್ದು ಕೇಳಿಸಿರುತ್ತದೆ, ಪೀಸ್ ಕೆಡಲು ಕಾರಣವೂ ಗೊತ್ತಿರುತ್ತದೆ. ಮುಂದಿನ ತಿಂಗಳು ತಾನು ಅಲ್ಲಿರುವುದಿಲ್ಲ ಎಂಬುದೂ ಗೊತ್ತಿರುತ್ತದೆ. ಗುಣಮಟ್ಟದ ಸಮಾವೇಶಗಳಲ್ಲಿ ಸಾಫ್ಟ್‌ವೇರ್, ಸೆನ್ಸರ್, ಡ್ಯಾಶ್‌ಬೋರ್ಡ್‌ಗಳ ಬಗ್ಗೆ ದಿನವಿಡೀ ಮಾತಾಡುವವರು, 1985ರ ಫ್ರೀಮಾಂಟ್ ಒಪ್ಪಂದದ ಕೆಲಸದ ಭದ್ರತೆಯ ಆ ಷರತ್ತನ್ನು ಒಂದು ಗಂಟೆಯಾದರೂ ಎದುರಿಗಿಟ್ಟುಕೊಂಡು ಚರ್ಚಿಸಲಿ.